ಚಿತ್ರದ ಮೇಲೆ ಕನ್ನಡ ಒಡೆಯದಂತೆ ಬರೆಯುವುದು ಹೇಗೆ? ಪೋಸ್ಟರ್, ಥಂಬ್‌ನೇಲ್, ಸ್ಟಿಕರ್ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಪೋಸ್ಟರ್ ಸಿದ್ಧವಾಗಿದೆ, ಬಣ್ಣ ಚೆನ್ನಾಗಿ ಕೂತಿದೆ. ಕೊನೆಗೆ ‘ರಾಷ್ಟ್ರ’ ಎಂದು ಬರೆದರೆ ‘ರಾಷ್‌ಟ್‌ರ’ ಎಂದು ಉದ್ದಕ್ಕೆ ಹರಡಿಕೊಳ್ಳುತ್ತದೆ. ಇಲ್ಲಿಂದ ಮುಂದೆ ಬಹಳ ಜನ ಮಾಡುವುದು ಒಂದೇ. ಹತ್ತು ಫಾಂಟ್ ಇಳಿಸಿಕೊಳ್ಳುತ್ತಾರೆ. ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕುತ್ತಾರೆ. ಅದೂ ಆಗದಿದ್ದರೆ ಒತ್ತನ್ನು ಬೇರೆ ಲೇಯರ್‌ನಲ್ಲಿ ಬರೆದು, ಮೌಸ್‌ನಿಂದ ಎಳೆದು ಕೆಳಗೆ ಕೂರಿಸುತ್ತಾರೆ.

ಅಂಥ ಒಂದು ಫೈಲ್ ನನ್ನ ಕೈಗೆ ಬಂದಿತ್ತು. ‘ಕನ್ನಡ’ ಪದದಲ್ಲಿ ‘ನ’ ಅಕ್ಷರವನ್ನೇ ಚಿಕ್ಕದು ಮಾಡಿ ಕೆಳಗೆ ಅಂಟಿಸಿದ್ದರು. ಆದರೆ ನ ಒತ್ತು ಅಂದರೆ ಪುಟ್ಟ ‘ನ’ ಅಲ್ಲ, ಅದರ ಆಕಾರವೇ ಬೇರೆ. ತ, ಮ, ಯ, ರ, ಲ ಒತ್ತುಗಳೂ ಹಾಗೇ. ಕನ್ನಡ ಓದಿ ಬೆಳೆದ ಕಣ್ಣು ಇದನ್ನು ಅರೆಕ್ಷಣದಲ್ಲಿ ಹಿಡಿಯುತ್ತದೆ. ರಾತ್ರಿಯೆಲ್ಲ ಕೂತು ಬಿಡಿಸಿದ ಚಿತ್ರ ಆ ಒಂದು ಅಕ್ಷರದಿಂದ ಹಾಳಾಗುವುದು ನೋಡಿದರೆ ನಿಜಕ್ಕೂ ಬೇಜಾರಾಗುತ್ತದೆ.

ಎಡವುವುದು ತಪ್ಪು ಹುಡುಕುವ ಕ್ರಮದಲ್ಲಿ. ಮೊದಲು ಪಠ್ಯ, ಆಮೇಲೆ ಫಾಂಟ್, ಆಮೇಲೆ ಸಾಫ್ಟ್‌ವೇರ್ ಸೆಟ್ಟಿಂಗ್, ಅದೆಲ್ಲ ಮುಗಿದ ಮೇಲೆ ಅಂದಚಂದ. ಹಂತ ಹಾರಿಸಿದರೆ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತೀರಿ.

## ಬೇಕಾಗುವ ಸಾಮಾನು

ಒಂದು ಸಾದಾ ನೋಟ್‌ಪ್ಯಾಡ್ ಬೇಕು. ಕಂಪ್ಯೂಟರಿನ ಜೊತೆ ಬಂದಿರುವುದೇ ಸಾಕು. ಯೂನಿಕೋಡ್‌ನಲ್ಲಿ (ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಸಂಕೇತ ಇರುವ ಪದ್ಧತಿ) ಕನ್ನಡ ಟೈಪ್ ಮಾಡುವ ಕೀಬೋರ್ಡ್ ಬೇಕು. ಕಗಪ ವಿನ್ಯಾಸ, ಇನ್‌ಸ್ಕ್ರಿಪ್ಟ್, ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ಕನ್ನಡ ಬರುವ ಫೊನೆಟಿಕ್, ನಿಮಗೆ ಯಾವುದು ಕೈಗೆ ಕೂತಿದೆಯೋ ಅದೇ ಆಗಬಹುದು. ಎರಡು ಅಥವಾ ಮೂರು ಒಳ್ಳೆಯ ಯೂನಿಕೋಡ್ ಫಾಂಟ್ ಬೇಕು. ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರನ್ನೂ ಹಾಕಿಟ್ಟುಕೊಳ್ಳಿ. ಉಚಿತ, ಮತ್ತು ನಿಮ್ಮ ಚಿತ್ರದ ಆಪ್ ಕೈಕೊಟ್ಟಾಗ ಕಾಪಾಡುವುದು ಅದೇ.

## ಶುರು ಮಾಡುವ ಮೊದಲು: ಅಕ್ಷರ ಹೇಗೆ ಒಡೆದಿದೆ ಎಂದು ನೋಡಿ

‘ಅಕ್ಷರ ಒಡೆಯುತ್ತಿದೆ’ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಒಡೆಯುವುದರಲ್ಲಿ ನಾಲ್ಕು ಬಗೆ ಇದೆ. ನಾಲ್ಕಕ್ಕೂ ಕಾರಣ ಬೇರೆ, ಮದ್ದೂ ಬೇರೆ.

ಖಾಲಿ ಚೌಕಗಳು ಬಂದರೆ ಆ ಫಾಂಟ್‌ನಲ್ಲಿ ಕನ್ನಡವೇ ಇಲ್ಲ. ಹಂತ 3ಕ್ಕೆ ಹೋಗಿ.

ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಮೇಲೆ ಚುಕ್ಕಿ ಗೀಟು ಇರುವ ಅಕ್ಷರ ಬಂದರೆ ಆ ಪಠ್ಯ ಹಳೆಯ ಆಸ್ಕಿ ಫಾಂಟ್‌ನಲ್ಲಿ ಬರೆದದ್ದು. ಹಂತ 2 ನೋಡಿ.

ಚುಕ್ಕಿಗಳಿಂದ ಮಾಡಿದ ಒಂದು ವೃತ್ತ ಕಂಡು, ಅದರ ಪಕ್ಕ ಕೊಂಬೋ ದೀರ್ಘವೋ ನೇತಾಡುತ್ತಿದ್ದರೆ ಸಾಮಾನ್ಯವಾಗಿ ಟೈಪ್ ಮಾಡಿದ ಕ್ರಮ ತಪ್ಪಾಗಿದೆ. ಮೂಲ ಅಕ್ಷರವಿಲ್ಲದೆ ಗುರುತು ಮಾತ್ರ ಬಂದು ಕೂತಿದೆ. ಆ ಪದ ಅಳಿಸಿ ಮತ್ತೆ ಹೊಡೆಯಿರಿ.

ಅಕ್ಷರಗಳೆಲ್ಲ ಇವೆ, ಆದರೆ ಒತ್ತು ಕೆಳಗೆ ಹೋಗದೆ ಪೂರ್ತಿ ಅಕ್ಷರವಾಗಿ ಪಕ್ಕದಲ್ಲಿ ನಿಂತಿದೆ. ಇದು ಸಾಫ್ಟ್‌ವೇರ್‌ನ ಸಮಸ್ಯೆ. ಹಂತ 4.

ಈ ಕೊನೆಯದು ಯಾಕಾಗುತ್ತದೆ ಎಂದು ಒಮ್ಮೆ ಅರ್ಥವಾದರೆ ಅರ್ಧ ಗೊಂದಲ ಕಳೆಯುತ್ತದೆ. ‘ರಾಷ್ಟ್ರ’ ಪದ ಫೈಲಿನೊಳಗೆ ಏಳು ಸಂಕೇತವಾಗಿ ಇರುತ್ತದೆ: ರ, ದೀರ್ಘದ ಗುರುತು, ಷ, ಹಲಂತ (ಅಕ್ಷರವನ್ನು ಅರ್ಧ ಮಾಡುವ ‘್’ ಗುರುತು), ಟ, ಹಲಂತ, ರ. ಒತ್ತಿಗೆ ಅಂತ ಬೇರೆ ಸಂಕೇತವೇ ಇಲ್ಲ. ‘ಹಲಂತದ ಮುಂದೆ ಟ ಬಂತು, ಹಾಗಾದರೆ ಟ ಒತ್ತು ಕೂರಿಸಬೇಕು’ ಎಂದು ತೀರ್ಮಾನಿಸುವುದು ಅಕ್ಷರ ಜೋಡಿಸುವ ಎಂಜಿನ್. ಅದು ಫಾಂಟ್‌ನೊಳಗಿನ ಪಟ್ಟಿ ನೋಡಿ ಸರಿಯಾದ ಆಕಾರ ಆರಿಸುತ್ತದೆ. ಹಾರ್ಫ್‌ಬಜ್ ಅಂಥ ಒಂದು ಎಂಜಿನ್. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲದರಲ್ಲೂ ಅದೇ ಇದೆ. ಅದಕ್ಕೇ ಬ್ರೌಸರಿನಲ್ಲಿ ಸರಿಯಾಗಿ ಕಂಡದ್ದು ಚಿತ್ರದ ಆಪ್‌ನಲ್ಲಿ ಒಡೆಯುವುದು. ನಿಮ್ಮ ಪಠ್ಯ ಸರಿ ಇದೆ, ಫಾಂಟೂ ಸರಿ ಇದೆ, ಜೋಡಿಸುವವರು ಯಾರೂ ಇಲ್ಲ, ಅಷ್ಟೇ.

## ಹಂತ 1: ಮೊದಲು ನೋಟ್‌ಪ್ಯಾಡಿನಲ್ಲಿ ಬರೆಯಿರಿ

ಚಿತ್ರದ ಆಪ್‌ನೊಳಗೆ ನೇರವಾಗಿ ಟೈಪ್ ಮಾಡಬೇಡಿ. ಕೆಲವು ಆಪ್‌ಗಳು ಕನ್ನಡ ಕೀಬೋರ್ಡಿನ ಜೊತೆ ಹೊಂದಿಕೊಳ್ಳದೆ ಸಂಕೇತಗಳನ್ನು ನುಂಗಿಬಿಡುತ್ತವೆ. ಎಲ್ಲ ಪಠ್ಯವನ್ನೂ ನೋಟ್‌ಪ್ಯಾಡಿನಲ್ಲಿ ಬರೆದು, ತಿದ್ದಿ, ಆಮೇಲೆ ನಕಲಿಸಿ.

ಇದರಿಂದ ಇನ್ನೊಂದು ಲಾಭವಿದೆ. ನೋಟ್‌ಪ್ಯಾಡಿನಲ್ಲಿ ಸರಿ, ಆಪ್‌ನಲ್ಲಿ ತಪ್ಪು ಅಂದರೆ ಆಪನ್ನೋ ಅಲ್ಲಿ ಆರಿಸಿದ ಫಾಂಟನ್ನೋ ನೋಡಬೇಕು. ಎರಡೂ ಕಡೆ ತಪ್ಪು ಅಂದರೆ ಪಠ್ಯವನ್ನೇ ನೋಡಬೇಕು. ಈ ಒಂದು ಪರೀಕ್ಷೆ ನಿಮ್ಮ ಎಷ್ಟೋ ಹೊತ್ತು ಉಳಿಸುತ್ತದೆ.

ಈ ಸಾಲನ್ನು ಒಂದು ಫೈಲಿನಲ್ಲಿ ಉಳಿಸಿಟ್ಟುಕೊಳ್ಳಿ. ಹೊಸ ಫಾಂಟ್, ಹೊಸ ಆಪ್ ಏನೇ ಬಂದರೂ ಮೊದಲು ಇದನ್ನೇ ಅಂಟಿಸಿ ನೋಡುವುದು ನನ್ನ ಅಭ್ಯಾಸ:

ಸ್ತ್ರೀ, ರಾಷ್ಟ್ರ, ಲಕ್ಷ್ಮಿ, ಕರ್ನಾಟಕ, ಜ್ಞಾನ, ಹೃದಯ, ಕೋಟೆ, ರ‍್ಯಾಂಕ್, ಸಾಫ್ಟ್‌ವೇರ್

ಮೊದಲ ಮೂರು ಪದ ಎರಡೆರಡು ಒತ್ತು ಹೊರುತ್ತವೆ. ‘ಕರ್ನಾಟಕ’ದಲ್ಲಿ ಅರ್ಕಾವೊತ್ತು ‘ನಾ’ ಆದ ಮೇಲೆ ಬರಬೇಕು. ‘ಕೋಟೆ’ಯಲ್ಲಿ ಏತ್ವ, ಕೊಂಬು, ದೀರ್ಘ ಮೂರೂ ಒಂದೇ ಅಕ್ಷರದ ಸುತ್ತ ಅಂಟಿರಬೇಕು. ಕೊನೆಯ ಎರಡರ ವಿಷಯ ಮುಂದಿನ ಹಂತದಲ್ಲಿದೆ.

## ಹಂತ 2: ಪಠ್ಯ ನಿಜವಾಗಿ ಯೂನಿಕೋಡ್ ಕನ್ನಡವೇ?

ಡಿಟಿಪಿ ಅಂಗಡಿಯಿಂದ ಬಂದ ಫೈಲ್, ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಸಾಫ್ಟ್‌ವೇರ್‌ನಲ್ಲಿ ಮಾಡಿದ ಹಳೆಯ ಫೈಲ್ ಆಗಿದ್ದರೆ ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ಆ ಕಾಲದ ಆಸ್ಕಿ ಫಾಂಟ್‌ಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಇಟ್ಟಿದ್ದವು. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್. ಫಾಂಟ್ ಬದಲಿಸಿದ ತಕ್ಷಣ ಬಣ್ಣ ಬಯಲಾಗುತ್ತದೆ.

ಪರೀಕ್ಷೆ ಸುಲಭ. ಪಠ್ಯವನ್ನು ನಕಲಿಸಿ ನೋಟ್‌ಪ್ಯಾಡಿಗೆ ಅಂಟಿಸಿ. ಕನ್ನಡವಾಗಿಯೇ ಉಳಿದರೆ ಯೂನಿಕೋಡ್. ಕಸದಂತೆ ಕಂಡರೆ ಆಸ್ಕಿ. ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳಿವೆ, ಬಳಸಿ. ಆದರೆ ಬದಲಿಸಿದ ಮೇಲೆ ಸಾಲು ಸಾಲಾಗಿ ಓದಲೇಬೇಕು. ಅರ್ಕಾವೊತ್ತು ಮತ್ತು ಎರಡು ಒತ್ತಿರುವ ಪದಗಳಲ್ಲಿ ಪರಿವರ್ತಕ ಎಡವುವುದು ಜಾಸ್ತಿ.

‘ಹಳೇ ಫೋಟೋಶಾಪ್‌ನಲ್ಲಿ ಆಸ್ಕಿ ಫಾಂಟೇ ಚೆನ್ನಾಗಿ ಬರುತ್ತೆ, ಅದೇ ಇರಲಿ ಬಿಡಿ’ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮುಂದಿನ ವರ್ಷ ಅದೇ ಪೋಸ್ಟರಿನ ತಾರೀಖು ಬದಲಿಸಲು ಫೈಲ್ ತೆರೆದಾಗ ಆ ಫಾಂಟ್ ಇಲ್ಲದಿದ್ದರೆ, ಏನು ಬರೆದಿತ್ತು ಎಂದು ಓದಲೂ ಆಗುವುದಿಲ್ಲ.

ಯೂನಿಕೋಡ್ ಪಠ್ಯದಲ್ಲೂ ಮೂರು ತಪ್ಪು ಮತ್ತೆ ಮತ್ತೆ ಕಾಣುತ್ತವೆ.

ಒಂದು, ಅನುಸ್ವಾರದ ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆ. ‘ಕಂಪ್ಯೂಟರ್’ ಬರೆಯುವಾಗ ‘ಂ’ ಬದಲು ‘೦’ ಹೊಡೆದರೆ ಸಣ್ಣ ಅಕ್ಷರದಲ್ಲಿ ಗೊತ್ತೇ ಆಗುವುದಿಲ್ಲ. ದಪ್ಪ ಅಲಂಕಾರದ ಫಾಂಟ್‌ಗೆ ಹಾಕಿದಾಗ ಆ ಸೊನ್ನೆ ದೊಡ್ಡದಾಗಿ, ದೂರ ದೂರ ನಿಲ್ಲುತ್ತದೆ. ಅನುಮಾನ ಬಂದರೆ ನೋಟ್‌ಪ್ಯಾಡಿನ ಹುಡುಕುವ ಪೆಟ್ಟಿಗೆಯಲ್ಲಿ ‘೦’ ಹಾಕಿ ಹುಡುಕಿ. ಅಂಕಿ ಇರಬಾರದ ಜಾಗದಲ್ಲಿ ಸಿಕ್ಕಿದರೆ ಬದಲಿಸಿ.

ಎರಡು, ಅರ್ಧಾಕ್ಷರ ಬೇಕಾದಲ್ಲಿ ಒತ್ತು ಬರುವುದು. ‘ಸಾಫ್ಟ್‌ವೇರ್’ ಹೋಗಿ ‘ಸಾಫ್ಟ್ವೇರ್’ ಆಗುತ್ತದೆ, ‘ರಾಜ್‌ಕುಮಾರ್’ ಹೋಗಿ ‘ರಾಜ್ಕುಮಾರ್’ ಆಗುತ್ತದೆ. ಇಲ್ಲಿ ಸಾಫ್ಟ್‌ವೇರ್‌ದು ತಪ್ಪಿಲ್ಲ. ಹಲಂತ ಆದ ಮೇಲೆ ಜೀರೋ ವಿಡ್ತ್ ನಾನ್ ಜಾಯಿನರ್ ಎಂಬ ಕಣ್ಣಿಗೆ ಕಾಣದ ಸಂಕೇತ ಹಾಕಬೇಕು. ಅದರ ಸಂಖ್ಯೆ 200ಸಿ (ಇಂಗ್ಲಿಷ್ ಅಕ್ಷರದಲ್ಲಿ 200C). ಇಂಕ್‌ಸ್ಕೇಪ್‌ನ ಪಠ್ಯ ಪರಿಕರದಲ್ಲಿ ಕಂಟ್ರೋಲ್ + ಯು ಒತ್ತಿ, ಆ ಸಂಖ್ಯೆ ಹೊಡೆದು ಎಂಟರ್ ಒತ್ತಿದರೆ ಬರುತ್ತದೆ. ಅದು ಕಷ್ಟ ಎನಿಸಿದರೆ ಸರಿಯಾಗಿ ಬರೆದಿರುವ ಪದವನ್ನೇ ಎಲ್ಲಿಂದಾದರೂ ನಕಲಿಸಿಕೊಳ್ಳಿ.

ಮೂರು, ‘ರ‍್ಯಾಂಕ್’. ಸುಮ್ನೆ ಟೈಪ್ ಮಾಡಿದರೆ ಇದು ‘ರ್ಯಾಂಕ್’ ಆಗಿ, ಅರ್ಕಾವೊತ್ತು ‘ಯಾ’ ಆದ ಮೇಲೆ ಹೋಗಿ ಕೂರುತ್ತದೆ. ರ ಆದ ಮೇಲೆ, ಹಲಂತಕ್ಕೆ ಮೊದಲು, ಜೀರೋ ವಿಡ್ತ್ ಜಾಯಿನರ್ ಹಾಕಬೇಕು. ಅದರ ಸಂಖ್ಯೆ 200ಡಿ (200D). ಹಲಂತದ ನಂತರ ಹಾಕಿದರೆ ಬೇಕಾದ ರೂಪ ಬರುವುದಿಲ್ಲ. ಜಾಗ ತಪ್ಪುವುದು ಇಲ್ಲೇ.

## ಹಂತ 3: ಫಾಂಟ್ ಆರಿಸಿ

ಗೂಗಲ್ ಫಾಂಟ್ಸ್‌ನಲ್ಲಿ ಭಾಷೆ ಕನ್ನಡ ಎಂದು ಆರಿಸಿ. ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ, ಬಾಲೂ ತಮ್ಮ 2, ಅನೇಕ್ ಕನ್ನಡ, ಹುಬ್ಬಳ್ಳಿ, ಬೆಣ್ಣೆ, ಅಕಾಯ ಕನಡಕ ಇವೆಲ್ಲ ಅಲ್ಲಿ ಸಿಗುತ್ತವೆ. ಎಲ್ಲವೂ ಮುಕ್ತ ಪರವಾನಗಿಯವು, ಹಣ ಪಡೆದು ಮಾಡುವ ಕೆಲಸಕ್ಕೂ ಬಳಸಬಹುದು.

ನನ್ನ ಕೇಳಿದರೆ, ವಿವರದ ಪಠ್ಯಕ್ಕೆ ನೋಟೋ ಸಾನ್ಸ್, ಗುಂಡಗಿನ ದಪ್ಪ ಶೀರ್ಷಿಕೆಗೆ ಬಾಲೂ ತಮ್ಮ, ಜಾಗ ಕಡಿಮೆ ಇರುವಲ್ಲಿ ಅನೇಕ್. ಅನೇಕ್‌ನಲ್ಲಿ ಅಕ್ಷರದ ಅಗಲವನ್ನೇ ಕಡಿಮೆ ಮಾಡಬಹುದು. ಕನ್ನಡದ ಉದ್ದ ಪದಗಳಿಗೆ ಇದು ದೊಡ್ಡ ಅನುಕೂಲ. ಸಾದಾ ಫಾಂಟನ್ನು ಪಕ್ಕದಿಂದ ಹಿಸುಕಿ ಕಿರಿದು ಮಾಡಬೇಡಿ. ನಿಂತ ಗೆರೆ ತೆಳ್ಳಗಾಗಿ, ಮಲಗಿದ ಗೆರೆ ದಪ್ಪ ಉಳಿದು ಅಕ್ಷರ ವಿಕಾರವಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಫಾಂಟ್ ಬದಲಿಸಿದರೂ ಅಕ್ಷರದ ಆಕಾರ ಬದಲಾಗುತ್ತಿಲ್ಲ ಅಂದರೆ, ನೀವು ಆರಿಸಿದ ಫಾಂಟ್‌ನಲ್ಲಿ ಕನ್ನಡವಿಲ್ಲ, ಆಪ್ ಸದ್ದಿಲ್ಲದೆ ಬೇರೆ ಫಾಂಟ್ ಬಳಸುತ್ತಿದೆ ಎಂದರ್ಥ. ನಿಮ್ಮ ಪರದೆಯಲ್ಲಿ ಚೆನ್ನಾಗಿ ಕಂಡ ಆ ಫೈಲ್ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಬೇರೆಯೇ ರೂಪ ತಾಳುತ್ತದೆ.

ಇಟಾಲಿಕ್ ಗುಂಡಿ ಮುಟ್ಟಬೇಡಿ. ಕನ್ನಡದ ಬಹುತೇಕ ಫಾಂಟ್‌ಗಳಲ್ಲಿ ಇಟಾಲಿಕ್ ಇಲ್ಲ. ಆಪ್ ಅಕ್ಷರವನ್ನು ಸುಮ್ಮನೆ ಓರೆ ಮಾಡುತ್ತದೆ. ಬೋಲ್ಡ್ ಕೂಡ ಫಾಂಟ್‌ನ ಪಟ್ಟಿಯಲ್ಲಿ ಇದ್ದರೆ ಮಾತ್ರ ಆರಿಸಿ.

## ಹಂತ 4: ಸಾಫ್ಟ್‌ವೇರ್‌ಗೆ ಕನ್ನಡ ಜೋಡಿಸಲು ಹೇಳಿ

ಇಂಕ್‌ಸ್ಕೇಪ್ ಮತ್ತು ಗಿಂಪ್‌ನಲ್ಲಿ ಏನೂ ಮಾಡಬೇಕಿಲ್ಲ. ಎರಡೂ ಹಾರ್ಫ್‌ಬಜ್ ಬಳಸುತ್ತವೆ. ಕ್ರಿಟಾದಲ್ಲಿ 5.2ಕ್ಕಿಂತ ಹಳೆಯ ಆವೃತ್ತಿ ಇದ್ದರೆ ಮೊದಲು ಹೊಸದು ಹಾಕಿಕೊಳ್ಳಿ. 2023ರಲ್ಲಿ ಬಂದ ಆ ಆವೃತ್ತಿಯಲ್ಲಿ ಪಠ್ಯ ಜೋಡಿಸುವ ಭಾಗವನ್ನೇ ಹೊಸದಾಗಿ ಬರೆದಿದ್ದಾರೆ.

ಫೋಟೋಶಾಪ್‌ನಲ್ಲಿ ಪಠ್ಯದ ಲೇಯರ್ ಆರಿಸಿ, ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೂಲೆಯ ಮೆನು ತೆರೆದು ವರ್ಲ್ಡ್ ರೆಡಿ ಲೇಔಟ್ ಆರಿಸಿ. ಅದು ಕಾಣದಿದ್ದರೆ ನಿಮ್ಮದು ಸ್ವಲ್ಪ ಹಳೆಯ ಆವೃತ್ತಿ ಇರಬಹುದು. ಪ್ರಿಫರೆನ್ಸಸ್‌ನಲ್ಲಿ ಟೈಪ್ ವಿಭಾಗಕ್ಕೆ ಹೋಗಿ, ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್ ಆರಿಸಿ, ಮುಚ್ಚಿ ಮತ್ತೆ ತೆರೆಯಿರಿ. ‘ಸೆಟ್ಟಿಂಗ್ ಮಾಡಿದೆ, ಆದರೂ ಸರಿಹೋಗಲಿಲ್ಲ’ ಎನ್ನುವವರು ಹೆಚ್ಚಾಗಿ ಹಳೆಯ ಫೈಲಿನಲ್ಲೇ ನೋಡುತ್ತಿರುತ್ತಾರೆ. ಹೊಸ ಫೈಲ್ ತೆರೆದು ಪರೀಕ್ಷೆಯ ಸಾಲು ಅಂಟಿಸಿ ನೋಡಿ.

ಇಲಸ್ಟ್ರೇಟರ್‌ನಲ್ಲಿ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ಶೋ ಇಂಡಿಕ್ ಆಪ್ಷನ್ಸ್‌ಗೆ ಟಿಕ್ ಹಾಕಿ. ಆಮೇಲೆ ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್ ಎಂದು ಶುರುವಾಗುವ ಕಂಪೋಸರ್ ಆರಿಸಿ. ಇನ್‌ಡಿಸೈನ್‌ನಲ್ಲಿ ಅದೇ ಜಾಗದಲ್ಲಿ ಅಡೋಬಿ ವರ್ಲ್ಡ್ ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಇರುತ್ತದೆ.

ಇದು ಪ್ಯಾರಾಗೆ ಸೇರಿದ ಸೆಟ್ಟಿಂಗ್. ಒಂದು ಪೆಟ್ಟಿಗೆಯಲ್ಲಿ ಅಕ್ಷರ ಸರಿ, ಪಕ್ಕದ ಪೆಟ್ಟಿಗೆಯಲ್ಲಿ ತಪ್ಪು ಅಂತ ಕಂಡರೆ ಎರಡನೆಯದಕ್ಕೆ ಹಚ್ಚಿಲ್ಲ ಅಂತ ತಿಳಿಯಿರಿ.

ನಿಮ್ಮ ಆಪ್‌ನಲ್ಲಿ ಇಂಥ ಸೆಟ್ಟಿಂಗೇ ಇಲ್ಲವಾ? ಅದರ ಜೊತೆ ಗುದ್ದಾಡಬೇಡಿ. ಪಠ್ಯವನ್ನು ಇಂಕ್‌ಸ್ಕೇಪ್‌ನಲ್ಲಿ ಬರೆದು, ಆರಿಸಿದ ಭಾಗವನ್ನು ಮಾತ್ರ ಪಿಎನ್‌ಜಿ ಆಗಿ ಎಕ್ಸ್‌ಪೋರ್ಟ್ ಮಾಡಿ. ಹಿನ್ನೆಲೆ ಪಾರದರ್ಶಕವಾಗಿಯೇ ಬರುತ್ತದೆ. ಬೇಕಾದ ಅಳತೆಯ ಎರಡರಷ್ಟು ದೊಡ್ಡದಾಗಿ ತೆಗೆದು ಚಿತ್ರದ ಆಪ್‌ಗೆ ತಂದುಕೊಳ್ಳಿ. ಚಿಕ್ಕದು ತಂದು ಹಿಗ್ಗಿಸಿದರೆ ಅಂಚು ಮಸುಕಾಗುತ್ತದೆ. ಎಐ ಬಳಸಿ ಚಿತ್ರ ಮಾಡಿಸುವವರೂ ಹೀಗೇ ಮಾಡಿ: ಚಿತ್ರವನ್ನು ಅಕ್ಷರವಿಲ್ಲದೆ ಮಾಡಿಸಿ, ಕನ್ನಡವನ್ನು ನೀವೇ ಮೇಲೆ ಕೂರಿಸಿ.

## ಹಂತ 5: ಅಂತರ ಸರಿಮಾಡಿ

ಕನ್ನಡ ಅಕ್ಷರ ಮೇಲೂ ಬೆಳೆಯುತ್ತದೆ, ಕೆಳಗೂ ಇಳಿಯುತ್ತದೆ. ಮೇಲಿನ ಸಾಲಿನ ‘ಷ್ಟ್ರ’ ಕೆಳಗಿನ ಸಾಲಿನ ‘ಕಿ’ ಗುಡಿಸಿಗೆ ಡಿಕ್ಕಿ ಹೊಡೆಯುವುದು ಪೋಸ್ಟರುಗಳಲ್ಲಿ ದಿನಾ ಕಾಣುತ್ತದೆ. ಇಂಗ್ಲಿಷ್‌ಗೆ ಹೊಂದುವ 120 ಶೇಕಡಾ ಸಾಲಿನ ಅಂತರ ಕನ್ನಡಕ್ಕೆ ಸಾಲದು. 140ರಿಂದ ಶುರು ಮಾಡಿ, ಒತ್ತು ಜಾಸ್ತಿ ಇದ್ದರೆ 160ರವರೆಗೆ ಹೋಗಿ. ಎರಡೇ ಸಾಲಿನ ಶೀರ್ಷಿಕೆಯಾದರೆ ಸಂಖ್ಯೆ ಬಿಟ್ಟು ಕಣ್ಣಳತೆಯಲ್ಲೇ ಹೊಂದಿಸಿ.

ಅಕ್ಷರಗಳ ನಡುವಿನ ಅಂತರವನ್ನು ಸೊನ್ನೆಯಲ್ಲೇ ಬಿಡಿ. ಕೆಲವು ಆಪ್‌ಗಳಲ್ಲಿ ಅದನ್ನು ಹೆಚ್ಚಿಸಿದರೆ ಒತ್ತು ತನ್ನ ಅಕ್ಷರದಿಂದ ಜಾರಿ ಮುಂದಿನ ಅಕ್ಷರದ ಕೆಳಗೆ ಹೋಗುತ್ತದೆ. ಬಿಡಿಬಿಡಿಯಾಗಿ ಕಾಣಬೇಕಿದ್ದರೆ ಅಗಲದ ಫಾಂಟ್ ಆರಿಸಿ.

ಒತ್ತಿನ ತಳ ಕತ್ತರಿಸಿದಂತೆ ಕಂಡರೆ, ಮುಖ್ಯವಾಗಿ ವಿಡಿಯೋ ಎಡಿಟರ್ ಮತ್ತು ಸ್ಟಿಕರ್ ಆಪ್‌ಗಳಲ್ಲಿ, ಪಠ್ಯದ ಪೆಟ್ಟಿಗೆ ಚಿಕ್ಕದಾಗಿದೆ. ಪೆಟ್ಟಿಗೆ ದೊಡ್ಡದು ಮಾಡಿ. ಆಗದಿದ್ದರೆ ಕೆಳಗೆ ಒಂದು ಖಾಲಿ ಸಾಲು ಸೇರಿಸಿ.

## ಹಂತ 6: ಅಂಚು, ಬಾಗು, ಚಲನೆ

ಅಕ್ಷರದ ಸುತ್ತ ಅಂಚು ಹಾಕುವಾಗ ಅದು ಹೊರಗೆ ಬೆಳೆಯಬೇಕು. ನಡುವಿನಿಂದ ಬೆಳೆದರೆ ಅದು ಅಕ್ಷರದ ಗೆರೆಯನ್ನೇ ತಿಂದು ತೆಳ್ಳಗೆ ಮಾಡುತ್ತದೆ. ಫೋಟೋಶಾಪ್‌ನ ಸ್ಟ್ರೋಕ್‌ನಲ್ಲಿ ಪೊಸಿಷನ್ ಔಟ್‌ಸೈಡ್ ಇರಲಿ. ಇಂಕ್‌ಸ್ಕೇಪ್‌ನಲ್ಲಿ ಸ್ಟ್ರೋಕ್ ಸ್ಟೈಲ್‌ನ ಆರ್ಡರ್ ಬದಲಿಸಿ ಅಂಚನ್ನು ಬಣ್ಣದ ಹಿಂದಕ್ಕೆ ಕಳಿಸಿ.

ಅಂಚು ಹಾಕಿದಾಗ ಅಕ್ಷರದ ಹೊಟ್ಟೆಯೊಳಗೆ ಅಡ್ಡಗೆರೆ ಕಂಡರೆ ಗಾಬರಿ ಬೇಡ. ವೇರಿಯಬಲ್ ಫಾಂಟ್‌ಗಳಲ್ಲಿ (ಒಂದೇ ಫೈಲಿನಲ್ಲಿ ದಪ್ಪ, ಅಗಲ ಬದಲಿಸಬಹುದಾದವು) ಅಕ್ಷರದ ತುಂಡುಗಳು ಒಂದರ ಮೇಲೊಂದು ಬಂದಿರುತ್ತವೆ, ಆ ಗೆರೆ ಅದರದ್ದು. ಅದೇ ಫಾಂಟ್‌ನ ಸ್ಟ್ಯಾಟಿಕ್ ಫೈಲ್ ಹಾಕಿ ನೋಡಿ. ಇಲ್ಲವೇ ಮುಂದಿನ ಹಂತದಲ್ಲಿ ಪಾಥ್ ಮಾಡಿದ ಮೇಲೆ, ಅಂದರೆ ಅಕ್ಷರವನ್ನು ಬರೀ ಆಕಾರವಾಗಿ ಬದಲಿಸಿದ ಮೇಲೆ, ತುಂಡುಗಳನ್ನು ಒಂದು ಮಾಡುವ ಯೂನಿಯನ್ ಕೊಡಿ.

ಬಾಗಿದ ಗೆರೆಯ ಮೇಲೆ ಕನ್ನಡ ಕೂರಿಸುವಾಗ ಬಾಗು ನಿಧಾನವಾಗಿರಲಿ. ತೀರಾ ಬಾಗಿಸಿದರೆ ಒಳಬದಿಯಲ್ಲಿ ಒತ್ತುಗಳು ಒಂದಕ್ಕೊಂದು ತಾಗುತ್ತವೆ.

ಅನಿಮೇಷನ್ ಮಾಡುವವರು ಟೈಪ್‌ರೈಟರ್ ಎಫೆಕ್ಟ್ ಬಿಡಿ. ಅದು ಬಹಳಷ್ಟು ಕಡೆ ಒಂದೊಂದೇ ಸಂಕೇತ ತೋರಿಸುತ್ತದೆ. ‘ಕ್ಷ’ ಬರುವ ಮೊದಲು ‘ಕ’ ಬರುತ್ತದೆ, ಆಮೇಲೆ ‘ಕ್’, ಆಮೇಲೆ ‘ಕ್ಷ’. ನೋಡುವವರಿಗೆ ಅಕ್ಷರ ಮಿಡುಕಾಡಿದಂತೆ ಕಾಣುತ್ತದೆ. ಪದ ಪದವಾಗಿ ತನ್ನಿ, ಅಥವಾ ಇಡೀ ಸಾಲಿಗೆ ಮಾಸ್ಕ್ ಹಾಕಿ ಎಡದಿಂದ ಬಲಕ್ಕೆ ತೆರೆಯಿರಿ.

## ಹಂತ 7: ಬೇರೆಯವರಿಗೆ ಕೊಡುವ ಮೊದಲು ಪಾಥ್ ಮಾಡಿ

ನನ್ನದೇ ಒಂದು ಬ್ಯಾನರ್ ಮುದ್ರಣಕ್ಕೆ ಹೋಗಿ, ಒತ್ತುಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಫ್ಲೆಕ್ಸ್ ಮೇಲೆ ಬಂದದ್ದುಂಟು. ಅಲ್ಲಿನ ಕಂಪ್ಯೂಟರಿನಲ್ಲಿ ನನ್ನ ಫಾಂಟ್ ಇರಲಿಲ್ಲ, ನಾನು ಪಾಥ್ ಮಾಡದೆ ಕಳಿಸಿದ್ದೆ. ಅಂದಿನಿಂದ ಈ ಹಂತ ಬಿಟ್ಟಿಲ್ಲ.

ಮೊದಲು ಫೈಲನ್ನು ಬೇರೆ ಹೆಸರಿನಲ್ಲಿ ಉಳಿಸಿ. ಪಾಥ್ ಮಾಡುವುದು ಆ ನಕಲಿನಲ್ಲಿ ಮಾತ್ರ. ಒಮ್ಮೆ ಪಾಥ್ ಆದರೆ ಅದು ಬರೀ ಆಕಾರ, ಒಂದು ದೀರ್ಘ ತಿದ್ದಲೂ ಆಗುವುದಿಲ್ಲ. ಇಂಕ್‌ಸ್ಕೇಪ್‌ನಲ್ಲಿ ಶಿಫ್ಟ್ + ಕಂಟ್ರೋಲ್ + ಸಿ, ಇಲಸ್ಟ್ರೇಟರ್‌ನಲ್ಲಿ ಟೈಪ್ ಮೆನುವಿನ ಕ್ರಿಯೇಟ್ ಔಟ್‌ಲೈನ್ಸ್. ಆದ ಮೇಲೆ ಇನ್ನೊಮ್ಮೆ ಹಿಗ್ಗಿಸಿ ನೋಡಿ. ಅಕ್ಷರ ಒಡೆದಿರುವಾಗಲೇ ಪಾಥ್ ಮಾಡಿದರೆ ಒಡೆದದ್ದೇ ಖಾಯಂ ಆಗುತ್ತದೆ.

## ಹಂತ 8: ಎಕ್ಸ್‌ಪೋರ್ಟ್

ಅಕ್ಷರ ಇರುವ ಚಿತ್ರಕ್ಕೆ ಪಿಎನ್‌ಜಿ ಬಳಸಿ. ಜೆಪೆಗ್ ಚಿತ್ರವನ್ನು ಪುಟ್ಟ ಚೌಕಗಳಾಗಿ ಹಿಂಡುತ್ತದೆ, ಅಕ್ಷರದ ಅಂಚಿನಲ್ಲಿ ಧೂಳಿನಂಥ ಕಲೆ ಬರುತ್ತದೆ. ಕೆಂಪು ಹಿನ್ನೆಲೆಯ ಮೇಲೆ ಬಣ್ಣದ ಅಕ್ಷರ ಇದ್ದರಂತೂ ಇನ್ನೂ ಎದ್ದು ಕಾಣುತ್ತದೆ. ವಾಟ್ಸಾಪ್‌ನಲ್ಲಿ ಕಳಿಸುವಾಗ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಆಗಿ ಕಳಿಸಿದರೆ ಅದು ಮತ್ತೆ ಹಿಂಡುತ್ತದೆ.

ಯೂಟ್ಯೂಬ್ ಥಂಬ್‌ನೇಲ್‌ಗೆ 1280 × 720 ಪಿಕ್ಸೆಲ್. ವಾಟ್ಸಾಪ್ ಸ್ಟಿಕರ್ 512 × 512, ಚಲನೆ ಇಲ್ಲದ್ದಾದರೆ 100 ಕೆಬಿ ಒಳಗೆ. ಎ4 ಮುದ್ರಣಕ್ಕೆ 300 ಡಿಪಿಐನಲ್ಲಿ 2480 × 3508. ಸ್ಟಿಕರ್‌ನಲ್ಲಿ ಎರಡು ಮೂರು ಪದಕ್ಕಿಂತ ಜಾಸ್ತಿ ತುರುಕಬೇಡಿ. ಫೋನಿನಲ್ಲಿ ಅದು ಹೆಬ್ಬೆರಳ ಗಾತ್ರಕ್ಕೆ ಇಳಿದಾಗ ಮೊದಲು ಮಾಯವಾಗುವುದು ಒತ್ತು.

ಫೋಲ್ಡರ್‌ನಲ್ಲಿ ನಾಲ್ಕು ವಸ್ತು ಒಟ್ಟಿಗೆ ಇರಲಿ: ತಿದ್ದಲು ಬರುವ ಮೂಲ ಫೈಲ್, ಪಾಥ್ ಮಾಡಿದ ನಕಲು, ಫಾಂಟ್ ಫೈಲ್, ನೋಟ್‌ಪ್ಯಾಡಿನ ಪಠ್ಯ. ಆ ಪಠ್ಯ ಆಮೇಲೂ ಕೆಲಸಕ್ಕೆ ಬರುತ್ತದೆ. ಚಿತ್ರ ಹಂಚುವಾಗ ಜೊತೆಗೆ ಅಂಟಿಸಿ. ಸ್ಕ್ರೀನ್ ರೀಡರ್ ಬಳಸುವವರಿಗೆ ಚಿತ್ರದೊಳಗಿನ ಅಕ್ಷರ ಸುಲಭವಾಗಿ ಸಿಗುವುದಿಲ್ಲ.

ಕೊನೆಗೆ, ಎಕ್ಸ್‌ಪೋರ್ಟ್ ಆದ ಚಿತ್ರವನ್ನು ಫೋನಿನಲ್ಲಿ ತೆರೆದು, ಬರೆದಿರುವುದನ್ನು ಪದ ಪದವಾಗಿ ಬಾಯಿಬಿಟ್ಟು ಓದಿ. ನೀವು ಮನಸ್ಸಿನಲ್ಲಿ ಅಂದುಕೊಂಡದ್ದನ್ನಲ್ಲ, ಅಲ್ಲಿ ಕಾಣುವುದನ್ನು ಓದಬೇಕು. ನಾಲಿಗೆ ಎಲ್ಲಿ ತಡವರಿಸುತ್ತದೋ ಆ ಪದವನ್ನು ಹಿಗ್ಗಿಸಿ ನೋಡಿ.